ನಿಂತುಹೋದ ಆಟ

ಹಳೆಯ ಗಣಕಯಂತ್ರಗಳನ್ನು ದುರಸ್ತಿ ಮಾಡುವುದು ನನ್ನ ಬಿಡುವಿನ ವೇಳೆಯ ಹವ್ಯಾಸ. "ಆಟ ನಡುವೆಯೇ ನಿಂತುಹೋಯಿತು" ಎಂಬುದಕ್ಕಿಂತ ಸಾಮಾನ್ಯವಾದ ದೂರು ಈ ಕೆಲಸದಲ್ಲಿ ಬೇರೊಂದಿಲ್ಲ. ಅದಕ್ಕಿಂತ ಅಸ್ಪಷ್ಟವಾದುದೂ ಇಲ್ಲ. ಜ್ವರವು ಹಲವು ರೋಗಗಳ ಲಕ್ಷಣವಾಗಿರುವಂತೆ ಆಟ ಸ್ತಬ್ಧವಾಗುವುದು ಹಲವು ದೋಷಗಳ ಲಕ್ಷಣ. ಜ್ವರ ಯಾವ ಹೊತ್ತಿನಲ್ಲಿ ಏರುತ್ತದೆಂದು ವೈದ್ಯರು ವಿಚಾರಿಸುವುದಿಲ್ಲವೆ? ಹಾಗೆಯೇ ಆಟ ಯಾವಾಗ ನಿಂತಿತೆಂದು ನಾನು ಮೊದಲು ವಿಚಾರಿಸುತ್ತೇನೆ.

ನನ್ನಲ್ಲಿರುವುದು ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆ 1981ರಲ್ಲಿ ಅದನ್ನು ಹೊರತಂದಿತು. ಬ್ರಿಟನ್ನಿನ ಶಾಲೆಗಳಲ್ಲಿ ಮನೆಮಾತಾಗಿದ್ದ ಆ ಯಂತ್ರವು, 1984ರಲ್ಲಿ ಆರಂಭವಾದ 'ಕ್ಲಾಸ್' ಎಂಬ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತು. ಹಾಗೆ ಬಂದುದೊಂದು ಬಹುಕಾಲ ಉಗ್ರಾಣದಲ್ಲಿ ಧೂಳು ತಿಂದು, ಗುಜರಿಯವನ ತಕ್ಕಡಿಯಿಂದ ಸ್ವಲ್ಪದರಲ್ಲಿ ಪಾರಾಗಿ ನನ್ನ ಮನೆಯನ್ನು ಸೇರಿತು. ಇಂತಹ ಯಂತ್ರಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಅವಸರದ ಚಿಕಿತ್ಸೆಯಿಂದ ಒಂದು ಹಾಳಾದರೆ ಲೋಕದಲ್ಲಿ ಒಂದು ಕಡಿಮೆಯಾದಂತೆಯೇ ಸರಿ.

ಆದಕಾರಣ ಅದಕ್ಕೆ ವಿದ್ಯುತ್ತು ಕೊಡುವ ಮೊದಲೇ ವಿದ್ಯುತ್ ಪೆಟ್ಟಿಗೆಯೊಳಗಿನ ಎರಡು ಕೆಪಾಸಿಟರುಗಳನ್ನು ಬದಲಿಸಿದೆನು. ಇವುಗಳ ಹೊರಕವಚ ವರ್ಷಗಳು ಕಳೆದಂತೆ ಬಿರುಕು ಬಿಟ್ಟು, ಒಳಗಿನ ಕಾಗದ ಗಾಳಿಯ ತೇವವನ್ನು ಹೀರುತ್ತದೆ. ಗುಂಡಿ ಒತ್ತಿದ ಕೆಲಹೊತ್ತಿನಲ್ಲಿಯೇ ದಟ್ಟವಾದ ಹೊಗೆ, ಸಹಿಸಲಾಗದ ದುರ್ನಾತ! ಮನೆಯ ವಿದ್ಯುತ್ತು ನೇರವಾಗಿ ಹರಿಯುವ ಈ ಪೆಟ್ಟಿಗೆಯನ್ನು ಬಲ್ಲವರಲ್ಲದೆ ಇತರರು ತೆರೆಯಬಾರದು.

ಯಂತ್ರ ಎಚ್ಚೆತ್ತಿತು, ಆಟವೂ ನಡೆಯಿತು. ಆದರೆ ಒಮ್ಮೆ ಐದು ನಿಮಿಷಕ್ಕೆ, ಇನ್ನೊಮ್ಮೆ ಇಪ್ಪತ್ತು ನಿಮಿಷಕ್ಕೆ ನಿಂತುಹೋಗತೊಡಗಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಸೋದರಳಿಯ, "ಮಾವ, ಚಿಪ್ಪುಗಳನ್ನೆಲ್ಲ ಕಿತ್ತು ಹೊಸದನ್ನು ಹಾಕಿಬಿಡೋಣವೇ?" ಎಂದನು.

"ಸ್ವಲ್ಪ ತಾಳಪ್ಪ. ನಿಲ್ಲುವ ಹೊತ್ತು ಒಂದೇ ಆಗಿಲ್ಲ, ನಿಲ್ಲುವ ಸ್ಥಳವೂ ಒಂದೇ ಆಗಿಲ್ಲ. ಆಟದ ತಪ್ಪಾಗಿದ್ದರೆ ಅದು ಹೀಗೆ ಅಲೆದಾಡುತ್ತಿರಲಿಲ್ಲ" ಎಂದೆನು.

ಯಂತ್ರ ಕಾದಾಗ ಚಿಪ್ಪಿನ ಕಾಲುಗಳು ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ಹೀಗೆ ಸಾವಿರಾರು ಬಾರಿ ನಡೆದರೆ ಚಿಪ್ಪು ತನ್ನ ಗೂಡಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಕಾಲುಗಳಿಗೆ ಕಿಲುಬು ಹಿಡಿಯುವುದೂ ಉಂಟು. ವಿದ್ಯುತ್ತನ್ನು ತೆಗೆದು ಒಂದೊಂದು ಚಿಪ್ಪನ್ನೂ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದೆವು. ಎರಡು ಸಲ 'ಟಿಕ್' ಎಂಬ ಸದ್ದು ಕೇಳಿಸಿತು. ಫಲಕಕ್ಕೆ ವಿದ್ಯುತ್ತು ತರುವ ತಂತಿಗಳ ತುದಿಗಳನ್ನೂ ಬಿಡಿಸಿ ಉಜ್ಜಿ ಬಿಗಿಮಾಡಿದೆವು. ಅಂದಿನಿಂದ ಆ ಅಲೆಮಾರಿ ರೋಗ ಕಾಣಿಸಿಕೊಳ್ಳಲಿಲ್ಲ.

ಉಳಿದುದು ಮತ್ತೊಂದು ವಿಚಿತ್ರ. ಕ್ಯಾಸೆಟ್ಟಿನಿಂದ ಫ್ಲಾಪಿಗೆ ನಕಲು ಮಾಡಿದ್ದ ಒಂದು ಆಟ ಮಾತ್ರ, ಎರಡನೆಯ ಹಂತವನ್ನು ತಲಪಿದೊಡನೆ ಪರದೆಯ ಮೇಲಂಚಿನಲ್ಲಿ ಬಣ್ಣದ ಚುಕ್ಕೆಗಳನ್ನು ಚೆಲ್ಲಿ ಕಲ್ಲಿನಂತಾಗುತ್ತಿತ್ತು, ಪ್ರತಿಸಲವೂ ಅಲ್ಲಿಯೇ. ಇಲ್ಲಿ ಒಂದು ಲೆಕ್ಕವನ್ನು ನೋಡಬೇಕು. ಯಂತ್ರದ ಸ್ಮೃತಿಕೋಶದ ಒಟ್ಟು ಅಳತೆ 32,768 ಬೈಟು. ಅದರ ತುದಿಯ 20,480 ಬೈಟುಗಳು ಬಣ್ಣದ ಚಿತ್ರಕ್ಕೆ ಮೀಸಲು. ಬುಡದ 3,584 ಬೈಟುಗಳನ್ನು ಯಂತ್ರವು ತನ್ನ ಸ್ವಂತಕ್ಕೆ ಇಟ್ಟುಕೊಳ್ಳುತ್ತದೆ. ಆಟಕ್ಕೆ ಉಳಿಯುವುದು 8,704. ಫ್ಲಾಪಿಯ ಸಲಕರಣೆಯನ್ನು ಜೋಡಿಸಿದರೆ ಅದು ಬುಡದಲ್ಲಿ ಇನ್ನೂ 2,816 ಬೈಟುಗಳನ್ನು ಆಕ್ರಮಿಸುತ್ತದೆ. ಕ್ಯಾಸೆಟ್ಟಿನ ಕಾಲದ ಆಟಕ್ಕೆ ಈ ಹೊಸ ನೆರೆಯವನ ಸುಳಿವೇ ಇಲ್ಲ. ಅದು ಮೇಲಕ್ಕೆ ತಳ್ಳಲ್ಪಟ್ಟು, ಎರಡನೆಯ ಹಂತದ ವಿವರಗಳನ್ನು ಚಿತ್ರದ ಜಾಗದಲ್ಲಿಯೇ ಬರೆದುಬಿಡುತ್ತಿತ್ತು. ಆ ಚುಕ್ಕೆಗಳು ಬೇರೇನೂ ಅಲ್ಲ, ಆಟದ ಸ್ವಂತ ವಿವರಗಳೇ! ಮರುಕ್ಷಣ ಹೊಸ ಚಿತ್ರ ಬರೆಯಲೆಂದು ಪರದೆಯನ್ನು ಒರೆಸಿದಾಗ ಅವೂ ಅಳಿಸಿಹೋಗುತ್ತಿದ್ದವು.

ಇಷ್ಟು ಇಕ್ಕಟ್ಟಿನಲ್ಲಿಯೂ ಆ ಕಾಲದವರು ಮಾಡಿದ ಸಾಹಸ ಕಡಿಮೆಯದಲ್ಲ. ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಇಯಾನ್ ಬೆಲ್ ಮತ್ತು ಡೇವಿಡ್ ಬ್ರಾಬೆನ್ ರಚಿಸಿದ, 1984ರಲ್ಲಿ ಪ್ರಕಟವಾದ 'ಎಲೀಟ್' ಎಂಬ ಆಟವು ಪರದೆಯ ಮೇಲ್ಭಾಗವನ್ನು ಎರಡೇ ಬಣ್ಣಗಳಲ್ಲಿಯೂ ಕೆಳಭಾಗವನ್ನು ನಾಲ್ಕು ಬಣ್ಣಗಳಲ್ಲಿಯೂ ತೋರಿಸುತ್ತಿತ್ತು. ಪರದೆಯ ಚಿತ್ರ ಪೂರ್ತಿ ಮೂಡುವ ಮೊದಲೇ, ಸೆಕೆಂಡಿಗೆ 50 ಬಾರಿ, ಯಂತ್ರದ ವಿಧಾನವನ್ನೇ ಬದಲಿಸುವ ಚಮತ್ಕಾರವದು.

ನಮ್ಮ ಆಟಕ್ಕೆ ಅಷ್ಟು ದೊಡ್ಡ ವಿದ್ಯೆ ಬೇಕಾಗಲಿಲ್ಲ. ಫ್ಲಾಪಿಯಿಂದ ಓದಿಕೊಂಡ ನಂತರ ಫ್ಲಾಪಿಯ ಕೆಲಸವನ್ನು ನಿಲ್ಲಿಸಿ, ಇಡೀ ಆಟವನ್ನು 2,816 ಬೈಟು ಕೆಳಕ್ಕೆ ಜರುಗಿಸುವ ಕೆಲವೇ ಸಾಲುಗಳ ಕ್ರಮವಿಧಿಯೊಂದನ್ನು ಬರೆದೆವು. ಕಳೆಯುವ ಲೆಕ್ಕವನ್ನು ಅಳಿಯನೇ ತನ್ನ ಟಿಪ್ಪಣಿಪುಸ್ತಕದಲ್ಲಿ ಮಾಡಿದನು. ಯಂತ್ರದಲ್ಲಿ ಒಂದು ಚಿಪ್ಪನ್ನೂ ಬದಲಿಸಬೇಕಾಗಲಿಲ್ಲ.

ಆ ಸಂಜೆ ಎರಡನೆಯ ಹಂತ ನಿರ್ವಿಘ್ನವಾಗಿ ಮುಗಿಯಿತು. ಮೂರನೆಯದರಲ್ಲಿ ಅವನು ಎಂಟು ಬಾರಿ ಸೋತು, "ಮಾವ, ಇದಕ್ಕೂ ಏನಾದರೂ ಮಾಡಬಹುದೇ?" ಎಂದು ಕೇಳಿದನು.