ಕಿವಿಗೆಂದೇ ಒಂದು ಪೇಟೆ

ಟೋಕಿಯೋ ನಗರದ ಅಕಿಹಾಬಾರ ನಿಲ್ದಾಣದಲ್ಲಿ ಇಳಿದು, ‘ಎಲೆಕ್ಟ್ರಿಕ್ ಟೌನ್’ ಎಂದು ಬರೆದಿರುವ ಕಡೆಯಿಂದ ಹೊರಬಂದರೆ ಮೊದಲು ಕಣ್ಣಿಗೆ ರಾಚುವುದು ಬಣ್ಣ. ಎಂಟು ಹತ್ತು ಅಂತಸ್ತಿನ ಕಟ್ಟಡಗಳ ಮೈತುಂಬ ದೊಡ್ಡ ಕಣ್ಣಿನ ಕಾರ್ಟೂನ್ ಹುಡುಗಿಯರ ಚಿತ್ರಗಳು, ಅಂಗಡಿ ಅಂಗಡಿಯಿಂದಲೂ ಜಾಹೀರಾತಿನ ಹಾಡು, ದಾರಿಹೋಕರ ಕೈಗೆ ಚೀಟಿ ತುರುಕುವ ತರುಣಿಯರು. ತಲೆಯ ಮೇಲೆ ಗಡಗಡನೆ ಹಾದುಹೋಗುವ ರೈಲು ಬೇರೆ. ಇಷ್ಟೊಂದು ಗದ್ದಲದ ಜಾಗಕ್ಕೆ ಜನ ಸೂಕ್ಷ್ಮವಾಗಿ ಕೇಳಿಸಿಕೊಳ್ಳುವುದಕ್ಕೆಂದೇ ಬರುತ್ತಾರೆಂದರೆ ನಂಬುವುದು ಕಷ್ಟ. ಆದರೆ ಬರುತ್ತಾರೆ. ಹಾಗೆ ಬಂದವರು ಹುಡುಕುವುದು ಕಡಲೆಕಾಳಿಗಿಂತ ತುಸು ದೊಡ್ಡದಾದ, ಕಿವಿಯೊಳಗೇ ಅಡಗಿ ಕೂರುವ ಇಯರ್‌ಫೋನುಗಳನ್ನು. ಅವುಗಳಲ್ಲಿ ಕೆಲವಕ್ಕೆ ಒಳ್ಳೆಯ ಮೋಟಾರ್ ಸೈಕಲ್ಲಿನ ಬೆಲೆ!

ಈ ಊರಿಗೆ ಹೆಸರು ಬಂದದ್ದು ಬೆಂಕಿಯಿಂದ. 1869ರಲ್ಲಿ ಇಲ್ಲಿ ದೊಡ್ಡ ಅಗ್ನಿ ಅನಾಹುತವಾಯಿತು. ಸುಟ್ಟು ಬಯಲಾದ ಜಾಗದಲ್ಲಿ ಮರುವರ್ಷ ಬೆಂಕಿಯಿಂದ ಕಾಯುವ ದೇವರಿಗೊಂದು ಗುಡಿ ಕಟ್ಟಿದರು. ಅದು ಅಕಿಬ ದೇವರದೆಂದೇ ಜನ ನಂಬಿದರು; ‘ಅಕಿಬನ ಬಯಲು’ ಎನ್ನುವುದೇ ಬಾಯಿಂದ ಬಾಯಿಗೆ ಸವೆದು ಅಕಿಹಾಬಾರ ಆಯಿತು. 1890ರಲ್ಲಿ ರೈಲು ಬಂತು, ಅದೂ ಮೊದಲಿಗೆ ಸರಕು ಸಾಗಿಸಲು ಮಾತ್ರ.

ಎಲೆಕ್ಟ್ರಾನಿಕ್ಸ್ ಇಲ್ಲಿಗೆ ಬಂದ ಕಥೆ ಎರಡನೆಯ ಮಹಾಯುದ್ಧದ ನಂತರದ್ದು. ಸೋತು ಹಣ್ಣಾಗಿದ್ದ ಟೋಕಿಯೋದಲ್ಲಿ ಹೊಸ ರೇಡಿಯೋ ಕೊಳ್ಳುವ ಶಕ್ತಿ ಹೆಚ್ಚು ಜನರಿಗಿರಲಿಲ್ಲ. ಪಕ್ಕದ ಕಾಂಡಾ ಬಡಾವಣೆಯ ಬೀದಿ ಬದಿಯಲ್ಲಿ ವಾಲ್ವು, ತಂತಿ, ಕಾಯಿಲ್‌ಗಳ ಕಳ್ಳಸಂತೆ ಹುಟ್ಟಿಕೊಂಡಿತು. ಆಗ ಅಲ್ಲೇ ಇದ್ದ ವಿದ್ಯುತ್ ಶಿಕ್ಷಣ ಶಾಲೆಯ ಹುಡುಗರು ಬಿಡಿಭಾಗಗಳನ್ನು ಕೊಂಡು, ತಾವೇ ರೇಡಿಯೋ ಜೋಡಿಸಿ ಮಾರುತ್ತಿದ್ದರು. ಓದಿನ ಖರ್ಚಿಗೆ ಅದೊಂದು ದಾರಿ. 1949ರಲ್ಲಿ ಬೀದಿ ಅಂಗಡಿಗಳನ್ನು ಎತ್ತಿಸಲು ಆಜ್ಞೆಯಾದಾಗ ವ್ಯಾಪಾರಿಗಳು ಅಕಿಹಾಬಾರದ ರೈಲು ಸೇತುವೆಯ ಕೆಳಗೆ ನೆಲೆ ಕಂಡುಕೊಂಡರು. ‘ರೇಡಿಯೋ ಸೆಂಟರ್’ ಇಂದಿಗೂ ಅಲ್ಲೇ ಇದೆ. ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕಾದ ಓಣಿ; ಇಕ್ಕೆಲದಲ್ಲಿ ಪಾನ್ ಅಂಗಡಿಯಷ್ಟಗಲದ ಗೂಡುಗಳು; ಗೂಡು ತುಂಬ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ರೆಸಿಸ್ಟರು, ಸ್ವಿಚ್ಚು, ಕನೆಕ್ಟರುಗಳು. ಪ್ರವಾಸಿಗಳಲ್ಲಿ ಬಹುಮಂದಿ ಇದನ್ನು ನೋಡದೆಯೇ ಮುಂದೆ ಹೋಗುತ್ತಾರೆ. ಅಕಿಹಾಬಾರದಲ್ಲಿ ತಪ್ಪದೆ ನೋಡಬೇಕಾದದ್ದು ಇದೇ.

ಇಯರ್‌ಫೋನಿನ ಹುಚ್ಚಿಗೆ ಮಾತ್ರ ಮೂಲ 1979ರ ಜುಲೈ 1. ಅಂದು ಸೋನಿ ಕಂಪೆನಿ 33 ಸಾವಿರ ಯೆನ್ ಬೆಲೆಗೆ ‘ವಾಕ್‌ಮನ್’ ಮಾರಾಟಕ್ಕಿಟ್ಟಿತು. ಅದರ ನಿಜವಾದ ಸೋಜಿಗ ಕ್ಯಾಸೆಟ್ ಪೆಟ್ಟಿಗೆಯಲ್ಲ, ಜೊತೆಗೆ ಕೊಟ್ಟ ಸುಮಾರು 50 ಗ್ರಾಂ ತೂಕದ ಹೆಡ್‌ಫೋನ್. ಒಬ್ಬರೇ ಕಿವಿ ಮುಚ್ಚಿಕೊಂಡು ಕೇಳುವುದು ಪಕ್ಕದವರಿಗೆ ಅಗೌರವವೆಂದು ಅಕಿಯೋ ಮೊರಿಟಾ ಅವರಿಗೆ ಅಳುಕಿತ್ತು. ಹೀಗಾಗಿ ಮೊದಲ ಮಾದರಿಯಲ್ಲಿ ಇಬ್ಬರು ಕೇಳುವಂತೆ ಎರಡು ರಂಧ್ರಗಳಿದ್ದವು. ಹಾಡನ್ನು ತಗ್ಗಿಸಿ ಪರಸ್ಪರ ಮಾತನಾಡಲು ಒಂದು ಗುಂಡಿಯೂ ಇತ್ತು. ಜನಕ್ಕೆ ಬೇಕಾದದ್ದು ಏಕಾಂತ! ಎರಡನೆಯ ರಂಧ್ರ ಕ್ರಮೇಣ ಮಾಯವಾಯಿತು. 1982ರಲ್ಲಿ ಅದೇ ಕಂಪೆನಿ ತಲೆಪಟ್ಟಿಯನ್ನೂ ಕಿತ್ತೆಸೆದು ಕಿವಿಯ ಬಾಯಲ್ಲಿ ನಿಲ್ಲುವ ಪುಟ್ಟ ಇಯರ್‌ಫೋನ್ ತಂದಿತು.

<b>ಮುಟ್ಟಿ, ತೊಟ್ಟು, ಕೇಳಿ</b>

ಅಕಿಹಾಬಾರದ ‘ಈ-ಇಯರ್‌ಫೋನ್’ ಅಂಗಡಿಯ ಒಳಗೆ ಕಾಲಿಟ್ಟರೆ ಹೊರಗಿನ ಗದ್ದಲ ಹಿಂದೆ ಬೀಳುತ್ತದೆ. ಸಾಲುಸಾಲಾಗಿ ನೂರಾರು ಇಯರ್‌ಫೋನುಗಳು. ಅವುಗಳ ಮುಂದೆ ಬೆನ್ನ ಚೀಲ ಹೊತ್ತ ವಿದ್ಯಾರ್ಥಿಗಳು, ಕಚೇರಿ ಬಿಟ್ಟು ಬಂದ ಟೈಧಾರಿಗಳು, ಅರುವತ್ತು ದಾಟಿದ ಹಿರಿಯರು. ಎಲ್ಲರ ಕಣ್ಣೂ ಅರೆಮುಚ್ಚಿದೆ. ಯಾರೂ ಮಾತನಾಡುವುದಿಲ್ಲ. ಅಕ್ಕಸಾಲಿಗರ ಅಂಗಡಿಯಲ್ಲಿ ಒಡವೆಗಳು ಗಾಜಿನ ಹಿಂದಿರುತ್ತವೆ. ಇಲ್ಲಿ ಹೆಚ್ಚಿನವನ್ನು ನೀವೇ ಎತ್ತಿ, ನಿಮ್ಮದೇ ಫೋನಿಗೆ ಸಿಕ್ಕಿಸಿ, ಬೇಕಾದಷ್ಟು ಹೊತ್ತು ಕೇಳಬಹುದು. ತೀರಾ ದುಬಾರಿಯಾದದ್ದಕ್ಕೆ ಸಿಬ್ಬಂದಿಯನ್ನು ಕರೆಯಬೇಕು, ಅಷ್ಟೆ. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಜೇಬಿನಲ್ಲಿ ಊಟಕ್ಕಷ್ಟೇ ಕಾಸಿರುವ ಹುಡುಗನೂ ಲಕ್ಷ ರೂಪಾಯಿಯ ಸಂಗೀತವನ್ನು ಅರ್ಧಗಂಟೆ ಕೇಳಿ ಹೋಗಬಹುದಾದ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಬೆಲೆ ಅಷ್ಟೇಕೆ? ಉತ್ತರದ ಒಂದು ಭಾಗ ಕಿವಿ ಮಂದವಾದವರ ಶ್ರವಣ ಸಾಧನದಲ್ಲಿದೆ. ಸಾಮಾನ್ಯ ಇಯರ್‌ಫೋನಿನಲ್ಲಿ ಧ್ವನಿವರ್ಧಕದ್ದೇ ಪುಟ್ಟ ರೂಪವಿರುತ್ತದೆ: ಒಂದು ಸುರುಳಿ, ಒಂದು ಅಯಸ್ಕಾಂತ, ಒಂದು ತೆಳು ಪೊರೆ. ಶ್ರವಣ ಸಾಧನಗಳಿಗಾಗಿ ರೂಪುಗೊಂಡದ್ದು ಇನ್ನೂ ಚಿಕ್ಕದು. ಅಯಸ್ಕಾಂತಗಳ ನಡುವೆ ಕಂಪಿಸುವ ಲೋಹದ ನಾಲಗೆಯೊಂದು ಪೊರೆಯನ್ನು ಅಲುಗಿಸುತ್ತದೆ. ಇದಕ್ಕೆ ‘ಬ್ಯಾಲೆನ್ಸ್ಡ್ ಆರ್ಮೇಚರ್’ ಎಂದು ಹೆಸರು. ಅಮೆರಿಕದ ಎಟಿಮೋಟಿಕ್ ಸಂಸ್ಥೆ 1991ರಲ್ಲಿ ಇದನ್ನು ಬಳಸಿ ಸಂಗೀತಕ್ಕೆಂದೇ ‘ಇಆರ್-4’ ತಯಾರಿಸಿತು. 1995ರಲ್ಲಿ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ, ವ್ಯಾನ್ ಹ್ಯಾಲೆನ್ ವಾದ್ಯತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹ್ಯಾಲೆನ್‌ಗಾಗಿ ಕಿವಿಯೊಳಗಿನ ಮಾನಿಟರ್ ಮಾಡಿಕೊಟ್ಟರು. ವೇದಿಕೆಯ ಅಬ್ಬರದ ನಡುವೆ ತನ್ನ ವಾದ್ಯ ತನಗೆ ಕೇಳಬೇಕು, ಕಿವಿಯೂ ಉಳಿಯಬೇಕು ಎಂಬುದು ವಾದಕರ ಹಳೆಯ ಪೇಚು. ಇಂದು ಒಂದೊಂದು ಕಿವಿಗೆ ಹತ್ತಕ್ಕೂ ಹೆಚ್ಚು ಆರ್ಮೇಚರ್ ತುಂಬಿದ ಮಾದರಿಗಳಿವೆ. ಒಂದೇ ಪೊರೆಯನ್ನು ನಂಬಿದವರೂ ಇದ್ದಾರೆ. ಕವಾಸಾಕಿಯ ‘ಫೈನಲ್’ ಕಂಪೆನಿ 2019ರಲ್ಲಿ ಅಪ್ಪಟ ಬೆರಿಲಿಯಂ ಲೋಹದ ಪೊರೆಯಿರುವ ‘ಎ8000’ ಹೊರತಂದಿತು. ಬೆಲೆ ಸುಮಾರು 2 ಲಕ್ಷ ಯೆನ್. ರೂಪಾಯಿಯಲ್ಲಿ ಲಕ್ಷ ದಾಟುತ್ತದೆ.

ಆದರೆ ಇಂಥ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಪಳಗಿದವರು ಮೊದಲು ಕೈ ಹಾಕುವುದು ಇಯರ್‌ಫೋನಿಗಲ್ಲ, ಅದರ ತುದಿಗೆ ತೊಡಿಸುವ ರಬ್ಬರಿನ ಟೋಪಿಗೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಅದೂ ಸೊಟ್ಟ. ಒಬ್ಬರದು ಇನ್ನೊಬ್ಬರದರಂತಿಲ್ಲ; ಒಬ್ಬರದೇ ಎಡಗಿವಿ ಬಲಗಿವಿಯಂತಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಮಂದ್ರ ಸ್ವರಗಳೆಲ್ಲ ಸೋರಿಹೋಗುತ್ತವೆ. ಲಕ್ಷ ರೂಪಾಯಿಯದು ತಗಡು ಬಡಿದಂತೆ ಕೇಳುತ್ತದೆ! ಒಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದರೆ ನಾಳ ನೇರವಾಗುತ್ತದೆ. ಆಗ ಇನ್ನೊಂದು ಕೈಯಿಂದ ಕೂರಿಸಬೇಕು. ಸ್ಪಂಜಿನದಾದರೆ ಬೆರಳಲ್ಲಿ ಹೊಸೆದು, ತೂರಿಸಿ, ಅದು ಅರಳುವತನಕ ಹಿಡಿದಿರಬೇಕು. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಹಾಕಿಕೊಳ್ಳುವುದರಲ್ಲಿ ಸಂಕೋಚ ಬೇಡ. ಮನೆಯಲ್ಲಿರುವ ಅಗ್ಗದ ಇಯರ್‌ಫೋನ್ ಚೆನ್ನಾಗಿಲ್ಲವೆಂದು ಹಟ ಹಿಡಿದ ಮಕ್ಕಳಿಗೆ ಪೋಷಕರು ಮೊದಲು ಕೊಡಿಸಬೇಕಾದದ್ದು ಈ ಟೋಪಿಗಳನ್ನೇ.

ಬೆಲೆ ಏರಿದಂತೆ ಧ್ವನಿಯೂ ಏರುತ್ತದೆಯೇ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿದರು. ಕಿವಿಯೊಳಗೆ ತೊಡುವವೂ ಅವುಗಳಲ್ಲಿದ್ದವು. ಯಾವ ಸ್ವರ ಎಷ್ಟು ಗಟ್ಟಿಯಾಗಿ ಬರುತ್ತದೆ ಎಂಬುದಕ್ಕೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹಾಗೆಂದು ದುಬಾರಿಯದೆಲ್ಲ ಮೋಸವೆಂದಲ್ಲ. ಕುಸುರಿ ಕೆಲಸ, ಬಾಳಿಕೆ, ಸವೆದ ತಂತಿಯನ್ನಷ್ಟೇ ಬಿಚ್ಚಿ ಬದಲಿಸುವ ಸೌಕರ್ಯ, ಇವಕ್ಕೂ ಹಣ ಬೀಳುತ್ತದೆ. ಬೆಳ್ಳಿ ತಂತಿ ಹಾಕಿದರೆ ಗಾಯಕರ ಕಂಠ ಬೆಳಗುತ್ತದೆ, ನೂರು ಗಂಟೆ ನುಡಿಸಿದ ಮೇಲೆ ಇಯರ್‌ಫೋನ್ ‘ಹಣ್ಣಾಗುತ್ತದೆ’ ಎಂಬ ಮಾತುಗಳನ್ನು ಮಾತ್ರ ಉಪ್ಪು ಸೇರಿಸಿಕೊಂಡೇ ಕೇಳುವುದು ಕ್ಷೇಮ. ಎರಡನ್ನು ಹೋಲಿಸುವಾಗ ಒಂದರ ಸದ್ದು ತುಸು ಹೆಚ್ಚಿದ್ದರೂ ಸಾಕು, ಕಿವಿ ಅದನ್ನೇ ಉತ್ತಮವೆಂದು ಒಪ್ಪಿಬಿಡುತ್ತದೆ. ಅಂಗಡಿಯ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

<b>ರೈಲಿನ ಪಾಠ</b>

ಟೋಕಿಯೋದ ರೈಲುಗಳಲ್ಲಿ ಫೋನಿನಲ್ಲಿ ಮಾತನಾಡುವುದು ಅಸಭ್ಯ. ಇಯರ್‌ಫೋನಿನಿಂದ ಸದ್ದು ಹೊರಗೆ ಸೋರುವುದೂ ಅಷ್ಟೇ ಅಸಭ್ಯ. ಅದಕ್ಕೆ ‘ಒತೊಮೊರೆ’ ಎಂಬ ಹೆಸರೇ ಇದೆ. ಹಾಗೆ ಮಾಡಬೇಡಿ ಎಂದು ಭಿತ್ತಿಪತ್ರ ಹಚ್ಚುತ್ತಾರೆ. ಚೆನ್ನಾಗಿ ಕೂರುವ ಇಯರ್‌ಫೋನಿಗೆ ಈ ಊರಿನಲ್ಲಿ ಇಷ್ಟೊಂದು ಗಿರಾಕಿಗಳಿರುವುದಕ್ಕೆ ಈ ಸಂಕೋಚವೂ ಒಂದು ಕಾರಣವಿರಬೇಕು.

ಪಕ್ಕದವರ ನೆಮ್ಮದಿಗಿಂತ ದೊಡ್ಡ ಪ್ರಶ್ನೆ ತೊಟ್ಟವರ ಕಿವಿಯದು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಹದಿನೈದು ಸಾವಿರದಷ್ಟಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 90ಕ್ಕೆ ಹೋದರೆ ದೊಡ್ಡವರಿಗೂ ಉಳಿಯುವುದು ವಾರಕ್ಕೆ ಬರೀ 4 ಗಂಟೆ! ಸಡಿಲವಾಗಿ ಕೂತ ಇಯರ್‌ಫೋನ್ ತೊಟ್ಟವರು ಬಸ್ಸು ರೈಲಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ನಾಳವನ್ನು ಚೆನ್ನಾಗಿ ಮುಚ್ಚುವ ತುದಿ ಹೊರಗಿನ ಸದ್ದನ್ನು 20ರಿಂದ 30 ಡೆಸಿಬೆಲ್‌ವರೆಗೆ ತಡೆಯಬಲ್ಲದು. ಆಗ ಮೆಲುದನಿಯೇ ಸಾಕು. ಒಳ್ಳೆಯ ಇಯರ್‌ಫೋನಿಗೆ ಹಣ ಹಾಕಲು ಏನಾದರೂ ಗಟ್ಟಿ ಕಾರಣವಿದ್ದರೆ ಅದು ಇದೇ. ಅದೇ ತುದಿ ರಸ್ತೆ ದಾಟುವಾಗ ಲಾರಿಯ ಹಾರ್ನನ್ನೂ ತಡೆಯುತ್ತದೆ. ನಡೆಯುವಾಗ, ಸೈಕಲ್ ತುಳಿಯುವಾಗ ಅದು ಡಬ್ಬಿಯಲ್ಲೇ ಇರಲಿ.

ಕಿವಿಗೆ ಸರಿಯಾಗಿ ಕೂರಲೇಬೇಕೆಂಬ ಹಟದ ಕೊನೆಯ ಹಂತವೂ ಟೋಕಿಯೋದಲ್ಲಿ ಕಾಣಸಿಗುತ್ತದೆ. ‘ಫಿಟ್‌ಇಯರ್’ ಎಂಬ ಹೆಸರಿನ ಇಯರ್‌ಫೋನ್ ತಯಾರಿಸುವುದು ಸುಯಾಮಾ ಎಂಬ ದಂತ ಪ್ರಯೋಗಾಲಯ! ಹಲ್ಲಿನ ಅಚ್ಚು ತೆಗೆದು ಕೃತಕ ಹಲ್ಲು ಮಾಡುತ್ತಿದ್ದ ಕೈಗಳು ಕಿವಿಯ ಅಚ್ಚಿಗೆ ಹೊರಳಿದ್ದು ವಿಚಿತ್ರವೆನಿಸಿದರೂ ಸಹಜವೇ. ಇಂಥ ಅಚ್ಚು ತೆಗೆಯುವಾಗ ನಾಳದ ಒಳಗೆ ಸ್ಪಂಜಿನ ತುಣುಕಿಟ್ಟು, ಅದರ ಮೇಲೆ ಸಿಲಿಕೋನ್ ತುಂಬಿ, ಗಟ್ಟಿಯಾಗುವತನಕ ಕೆಲವು ನಿಮಿಷ ಕಾಯುತ್ತಾರೆ. ದವಡೆ ಅಲುಗಿದರೆ ನಾಳದ ಆಕಾರವೂ ಬದಲಾಗುವುದರಿಂದ ಬಾಯಲ್ಲೊಂದು ತುಂಡು ಕಚ್ಚಿಸುವುದುಂಟು. ಬೆಳೆಯುವ ವಯಸ್ಸಿನವರಿಗೆ ಇದು ದಂಡ. ಕಿವಿಯೂ ಬೆಳೆಯುತ್ತದಲ್ಲ, ಮುಂದಿನ ವರ್ಷದ ಹೊತ್ತಿಗೆ ಸಡಿಲ.

ಅಕಿಹಾಬಾರದಿಂದ ಹಳದಿ ಪಟ್ಟಿಯ ಸೋಬು ರೈಲು ಹತ್ತಿದರೆ ಸುಮಾರು 20 ನಿಮಿಷದಲ್ಲಿ ನಕಾನೋ. ಅಲ್ಲಿ 1966ರಲ್ಲಿ ಕಟ್ಟಿದ ‘ನಕಾನೋ ಬ್ರಾಡ್‌ವೇ’ ಎಂಬ ಹಳೆಯ ಸಂಕೀರ್ಣದ ಮೂರನೆಯ ಮಹಡಿಯಲ್ಲಿ ‘ಫುಜಿಯಾ ಏವಿಕ್’ ಅಂಗಡಿಯಿದೆ. ಹೆಡ್‌ಫೋನುಗಳ ಉತ್ಸವ ನಡೆಸುವವರೂ ಇವರೇ. ಇಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಹೇರಳ. ಇನ್ನೂ ಉತ್ತಮವಾದದ್ದು ಬೇಕೆಂಬ ಹಂಬಲದಲ್ಲಿ ಜನ ಹಳೆಯದನ್ನು ಮಾರಿಬಿಡುತ್ತಾರೆ. ಗೀರು ಬಿದ್ದ ಜಾಗ, ಪೆಟ್ಟಿಗೆ ಇದೆಯೋ ಇಲ್ಲವೋ ಎಂಬುದನ್ನೆಲ್ಲ ನಮೂದಿಸಿ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಅಚ್ಚು ತೆಗೆದು ಮಾಡಿಸಿಕೊಂಡವಕ್ಕೆ ಮಾತ್ರ ಈ ಭಾಗ್ಯವಿಲ್ಲ. ಮತ್ತೊಬ್ಬರ ಕಿವಿಗೆ ಅವು ಕೂರಬೇಕಲ್ಲ!

ಹೋಗುವವರು ತಮ್ಮ ಫೋನನ್ನೂ, ಅದಕ್ಕೆ ಇಯರ್‌ಫೋನ್ ರಂಧ್ರವಿಲ್ಲದಿದ್ದರೆ ಚಿಕ್ಕದೊಂದು ಅಡಾಪ್ಟರನ್ನೂ ಒಯ್ಯಬೇಕು. ಆಪಲ್ ಕಂಪೆನಿ 2016ರ ಐಫೋನ್ 7ರಲ್ಲಿ ಆ ರಂಧ್ರ ತೆಗೆದ ಮೇಲೆ ಎಷ್ಟೋ ಫೋನುಗಳಲ್ಲಿ ಅದು ಇಲ್ಲ. ಅಂಗಡಿಯವರ ಹಾಡು ಬೇಡ. ಮನೆಯಲ್ಲಿ ನೂರು ಸಲ ಕೇಳಿ ಬಾಯಿಪಾಠವಾದ ಒಂದೆರಡು ಧ್ವನಿಮುದ್ರಣ ಫೋನಿನಲ್ಲಿರಲಿ. ಕರ್ನಾಟಕ ಸಂಗೀತದ ಒಂದು ಕಛೇರಿಯಾದರೆ ಇನ್ನೂ ವಾಸಿ: ತಂಬೂರಿಯ ಶ್ರುತಿ ಗಾಯಕರ ದನಿಯ ಹಿಂದೆ ಬಿಡಿಯಾಗಿ ನಿಲ್ಲುತ್ತದೆಯೇ, ಮೃದಂಗದ ಎಡಗೈ ಗುಮಕಿ ಗುಂಯ್ ಎನ್ನುತ್ತದೆಯೋ ಬರೀ ದಬ್ ಎನ್ನುತ್ತದೆಯೋ, ಸಾಹಿತ್ಯದಲ್ಲಿ ‘ಸ’ಕಾರ ಬಂದಾಗ ಕಿವಿಗೆ ಚುಚ್ಚುತ್ತದೆಯೇ ಎಂದು ನೋಡಿದರೆ ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬರಬಹುದು. ಭಾನುವಾರ ಮಧ್ಯಾಹ್ನ ಅಕಿಹಾಬಾರದ ಮುಖ್ಯ ರಸ್ತೆಯಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ನೋಡಲು ಚೆಂದ, ಆದರೆ ಅಂದು ಜನಜಂಗುಳಿ. ನಿಧಾನವಾಗಿ ಕೇಳಬೇಕೆನ್ನುವವರು ಕೆಲಸದ ದಿನ ಬೆಳಿಗ್ಗೆ, ಅಂಗಡಿ ಬಾಗಿಲು ತೆರೆದೊಡನೆ ಹೋಗುವುದು ಒಳ್ಳೆಯದು.