ಜಾಲರಿ ಅಂಗಿಯ ವಿಚಾರವಾಗಿ ಎರಡು ಮಾತು

ಪಾಠಶಾಲೆಯಲ್ಲಿ ಕಲಿತ ವಿದ್ಯೆಗಳಲ್ಲಿ ಕೆಲವು ಪುಸ್ತಕದೊಂದಿಗೆ ಮುಚ್ಚಿಹೋಗುವವು. ಕೆಲವು ಮಾತ್ರ ಬೆರಳುಗಳಲ್ಲಿ ಉಳಿದುಕೊಳ್ಳುವವು. ಕ್ರೋಶೆಯ ಹೆಣಿಗೆ ಈ ಎರಡನೆಯ ಬಗೆಯದು. ಅರಸರ ಇಸವಿಗಳನ್ನು ಮರೆತಿರುವ ನಮ್ಮಲ್ಲನೇಕರು, ಒಂದು ಕೊಕ್ಕೆಕಡ್ಡಿಯೂ ಒಂದು ನೂಲುಂಡೆಯೂ ಕೈಗೆ ಬಂದೊಡನೆ, ಯಾರೂ ಹೇಳಿಕೊಡದೆಯೇ ಸರಪಳಿ ಹಾಕತೊಡಗುವೆವು. ಕ್ರೋಶೆ ಎಂಬುದು ಫ್ರೆಂಚ್ ಮಾತು. ಚಿಕ್ಕ ಕೊಕ್ಕೆ ಎಂದೇ ಅದರ ಅರ್ಥ. ಇಷ್ಟು ಅಲ್ಪವಾದ ಉಪಕರಣದಿಂದ ನಡೆಯುವ ಕೆಲಸವು ಬೇರೆ ಕೆಲವೇ ಇರಬಹುದು.

ಈಚೆಗೆ ನಮ್ಮ ಹೆಣ್ಣುಮಕ್ಕಳು ನಮ್ಮಿಂದ ಬೇಡುವುದು ಮೇಜಿನ ಹಾಸನ್ನಲ್ಲ, ದಿಂಬಿನ ಅಂಚನ್ನೂ ಅಲ್ಲ. ಒಳಗೊಂದು ಉಡುಪಿನ ಮೇಲೆ ತೊಡತಕ್ಕ ಜಾಲರಿ ಅಂಗಿ ಬೇಕೆನ್ನುವರು. ಅದೂ ಅಲ್ಲಲ್ಲಿ ಹರಿದು ಸವೆದಂತೆ ತೋರಬೇಕೆನ್ನುವರು. ಇದಕ್ಕೆ ಡಿಸ್ಟ್ರೆಸ್ಡ್ ಎಂಬ ಹೆಸರುಂಟು. ಹರಿದುದನ್ನು ರಾತ್ರಿಯೇ ತೇಪೆಹಾಕಿ ಬೆಳಗಿಗೆ ಮರೆಮಾಡಬೇಕೆಂದು ಕಲಿತುಬಂದ ತಾಯಂದಿರಿಗೆ ಈ ಬೇಡಿಕೆಯು ಸೋಜಿಗವೇ ಸರಿ. ಆದರೂ ಮಕ್ಕಳ ಮಾತನ್ನು ತಳ್ಳಿಬಿಡುವುದಕ್ಕಿಂತ ಪರೀಕ್ಷಿಸಿ ನೋಡುವುದು ಲೇಸೆಂದು ನಮಗೆ ತೋರಿತು. ಹೆಣೆದು ನೋಡಿದಲ್ಲಿ ನಮಗೆ ತಿಳಿದುಬಂದುದೇನೆಂದರೆ, ಕ್ರೋಶೆಯಲ್ಲಿ ತೂತೆಂಬುದು ಹೆಣಿಗೆಯ ಅಭಾವವಲ್ಲ; ತೂತೂ ಹೆಣಿಗೆಯೇ.

ಇದು ಹೇಗೆಂದರೆ, ಎರಡು ಕಡ್ಡಿಗಳ ಸ್ವೆಟರಿನ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಏಕಕಾಲದಲ್ಲಿ ಕಡ್ಡಿಯ ಮೇಲೆ ಬಾಯ್ದೆರೆದುಕೊಂಡಿರುವವು. ಒಂದು ಜಾರಿತೆಂದರೆ ಅದರ ಕೆಳಗಿನದೂ ಜಾರಿ ಏಣಿಯಂತೆ ಬಿಚ್ಚುತ್ತಾ ಹೋಗುವುದು. ಆ ಹೆಣಿಗೆಯಲ್ಲಿ ಸವೆತದ ತೋರಿಕೆಯನ್ನು ತರುವುದಕ್ಕೆ ಕುಣಿಕೆಗಳನ್ನು ಬೇಕೆಂದೇ ಜಾರಿಸುವವರುಂಟು. ಕ್ರೋಶೆಯಲ್ಲಾದರೋ ಒಂದು ಹೊಲಿಗೆಯು ಮುಗಿದ ತರುವಾಯವೇ ಮತ್ತೊಂದು ಆರಂಭವಾಗುವುದು. ಸಾಧಾರಣವಾಗಿ ತೆರೆದಿರುವ ಕುಣಿಕೆಯು ಒಂದೇ. ಆದಕಾರಣ ಇಲ್ಲಿ ತೂತು ತಾನಾಗಿ ಬೀಳಲಾರದು, ಎಣಿಸಿ ಕಟ್ಟಬೇಕು. ಕತ್ತರಿಯಿಂದ ಕತ್ತರಿಸಿ ಮಾಡುವೆವೆಂದರೆ ತುಂಡಾದ ನೂಲಿನ ತುದಿಗಳು ಸಡಿಲಿ ಅಂಗಿಯು ನಾಲ್ಕು ಒಗೆತವನ್ನೂ ತಾಳಲಿಕ್ಕಿಲ್ಲ.

ಇನ್ನು ಕ್ರಮವನ್ನು ಹೇಳುವೆವು. ಹತ್ತಿಯ ನೂಲೂ 3 ಮಿಲಿಮೀಟರಿನ ಕಡ್ಡಿಯೂ ಸಾಕು. ಮೊದಲು ಒಂದು ಗೇಣಗಲದ ಮಾದರಿಯನ್ನು ಹೆಣೆದು, ಒಗೆದು, ಹರಡಿ ಒಣಗಿಸಿ, ಆಮೇಲೆ ಅಳೆಯಬೇಕು. ಜಾಲರಿಯು ತನ್ನ ಭಾರಕ್ಕೆ ತಾನೇ ಇಳಿದು ಉದ್ದವಾಗುವ ಸ್ವಭಾವದ್ದಾದುದರಿಂದ ಒಗೆಯದ ಮಾದರಿಯ ಅಳತೆಯನ್ನು ನಂಬಲಾಗದು. ನಮ್ಮ ಕೈಯಲ್ಲಿ 4 ಅಂಗುಲಕ್ಕೆ 10 ಮನೆಗಳೂ 10 ಸಾಲುಗಳೂ ಬಂದವು. ತೊಡುವವಳ ಎದೆಯ ಸುತ್ತಳತೆ 34 ಅಂಗುಲವಿದ್ದರೆ ಸಡಿಲಕ್ಕಾಗಿ 4 ಅಂಗುಲ ಕೂಡಿಸಿ, ಮುಂದೂ ಹಿಂದೂ 19 ಅಂಗುಲದ ಒಂದೊಂದು ಹಾಳೆಯನ್ನು ಹೆಣೆಯಬೇಕು. ಅಂದರೆ ಸುಮಾರು 48 ಮನೆಗಳು. ಮನೆಗೆ ಎರಡರಂತೆಯೂ ಕೊನೆಗೊಂದು ಹೆಚ್ಚಾಗಿಯೂ 97 ಸರಪಳಿ ಅಡಿಗೆ, ಏರಿಕೆಗೆ ಮತ್ತೆ 4. ಅಡಿಯ ಒಂದು ಸರಪಳಿಯನ್ನು ಬಿಟ್ಟು ಮುಂದಿನದರಲ್ಲಿ ಒಂದು ಕಂಬ. ಮೇಲೆ ಒಂದು ಸರಪಳಿ. ಹೀಗೆಯೇ ಸಾಲಿನ ಕೊನೆಯ ವರೆಗೆ. ಕಂಬದ ಮೇಲೆ ಕಂಬ ನಿಲ್ಲಿಸುತ್ತಾ ಹೋದರೆ ಚೌಕದ ಜಾಲರಿಯು ತಾನೇ ಏಳುವುದು. ಧಾರವಾಡದ ಕಸೂತಿಯನ್ನು ಬಲ್ಲ ಸೋದರಿಯರಿಗೆ ಇದು ಕಷ್ಟವಲ್ಲ. ಅಲ್ಲಿ ಬಟ್ಟೆಯ ಎಳೆಗಳನ್ನು ಎಣಿಸುವ ಕಣ್ಣು ಇಲ್ಲಿ ಮನೆಗಳನ್ನು ಎಣಿಸುವುದು.

ಹರಕು ಬೇಕಾದ ಸ್ಥಳದಲ್ಲಿ ಎರಡು ಕಂಬಗಳನ್ನು ಬಿಡಬೇಕು. ಮೂರು ಮನೆಗಳು ಒಂದಾಗುವವು; ಆ ಅಗಲಕ್ಕೆ 5 ಸರಪಳಿ ಹಾಕಿದರೆ ತೂತು ಬಿಗಿಯಾಗಿ ನಿಲ್ಲುವುದು, 7 ಹಾಕಿದರೆ ಕಿತ್ತುಬಂದ ನೂಲಿನಂತೆ ಜೋಲುವುದು. ಮುಂದಿನ ಸಾಲಿನಲ್ಲಿ ಐದರ ಸರಪಳಿಯ 2ನೆಯ ಮತ್ತು 4ನೆಯ ಕುಣಿಕೆಗಳಲ್ಲಿ, ಏಳರದಾದರೆ 3ನೆಯ ಮತ್ತು 5ನೆಯದರಲ್ಲಿ, ಕಂಬವನ್ನು ನಿಲ್ಲಿಸಿದರೆ ಮನೆಗಳ ಲೆಕ್ಕವು ಮರಳಿ ಸರಿಹೋಗುವುದು. ಹೆಗಲು, ಕಂಕುಳು, ಪಕ್ಕದ ಅಂಚು, ಇವುಗಳ ಬಳಿಯಲ್ಲಿ 4 ಮನೆಗಳಷ್ಟನ್ನು ಗಟ್ಟಿಯಾಗಿಯೇ ಉಳಿಸತಕ್ಕದ್ದು. ಎಳೆತವು ಬೀಳುವುದು ಅಲ್ಲಿಯೇ. 50 ಸಾಲುಗಳಾದ ಮೇಲೆ, ಕೊರಳಿಗೆ ನಡುವೆ 18 ಮನೆಗಳನ್ನು ಬಿಟ್ಟು ಎರಡು ಹೆಗಲುಗಳಲ್ಲಿ ಹದಿನೈದು ಹದಿನೈದು ಮನೆಗಳನ್ನು ಕೂಡಿಸಬೇಕು. ತೋಳಿಗೆ ಮೇಲಿನಿಂದ 20 ಸಾಲುಗಳನ್ನು ತೆರೆದಿಟ್ಟು ಪಕ್ಕಗಳನ್ನು ಹೊಲಿಯಬೇಕು. ಹೊಟ್ಟೆಯ ಮೇಲೆ ತೂತು ಬೇಡವೆನ್ನುವವಳು ಬೆನ್ನಿಗೆ ಇಟ್ಟುಕೊಳ್ಳಲಿ. ಉದ್ದ ಬೇಕೆನ್ನುವವಳು ಸಾಲುಗಳನ್ನು ಹೆಚ್ಚಿಸಲಿ. ಅಂಗಡಿಯ ಉಡುಪಿಗೆ ನಮ್ಮ ದೇಹವನ್ನು ಹೊಂದಿಸಿಕೊಳ್ಳುವ ಕಷ್ಟವು ಇದರಲ್ಲಿಲ್ಲ. ಕುಳ್ಳಿಯೆಂದೂ ದಪ್ಪಳೆಂದೂ ಕನ್ನಡಿಯ ಮುಂದೆ ನೊಂದುಕೊಳ್ಳುವ ಹುಡುಗಿಗೆ, ಅಳತೆಯು ತಪ್ಪಿರುವುದು ಅಂಗಿಯದೇ ಹೊರತು ನಿನ್ನದಲ್ಲವೆಂದು ತೋರಿಸಿಕೊಡುವುದೂ ಒಂದು ವಿದ್ಯೆಯಲ್ಲವೆ?

ಆದರೆ ನಾವು ಈ ಲೇಖನಕ್ಕೆ ಕೈಹಾಕಿದುದು ಅಂಗಿಯೊಂದಕ್ಕಾಗಿಯೇ ಅಲ್ಲ. ನಮ್ಮ ಗುಂಪಿನವಳೊಬ್ಬಳು ಇಂಥ ಅಂಗಿಗಳನ್ನು ಹೆಣೆದು ಒಂದು ಅಂಗಡಿಗೆ ಒಯ್ದಳು. ಅಂಗಡಿಯವರು ಅದನ್ನು ತಕ್ಕಡಿಗಿಟ್ಟು ನೂಲಿನ ತೂಕಕ್ಕೆ ತಕ್ಕಂತೆ ಕೂಲಿಯನ್ನು ಹೇಳಿದರು. ಅರ್ಧವೆಲ್ಲಾ ತೂತೇ ಇರುವುದರಿಂದ ಹೆಚ್ಚು ಕೊಡಲಾಗದೆಂದರು. ಆಕೆ ಮರುಮಾತಾಡದೆ ಅಂಗಿಯನ್ನು ಮಡಿಸಿಕೊಂಡು ಬಂದಳು. ಆ ಸಂಜೆ ನಾವು ನಾಲ್ವರು ಕುಳಿತು ಲೆಕ್ಕ ಮಾಡಿದೆವು. 48 ಮನೆಗಳ 50 ಸಾಲುಗಳೆಂದರೆ ಒಂದು ಹಾಳೆಗೆ 2,400 ಮನೆ, ಎರಡಕ್ಕೆ 4,800. ಒಂದೊಂದು ಕಂಬಕ್ಕೂ ನೂಲನ್ನು ಸುತ್ತಿ, ಚುಚ್ಚಿ, ಮೂರು ಬಾರಿ ಎಳೆಯಬೇಕು. ಅದರ ಮೇಲೊಂದು ಸರಪಳಿ. ತೂಗುವಾಗ ತೂತಿಗೆ ಭಾರವಿಲ್ಲ. ಹೆಣೆಯುವಾಗ ಅದಕ್ಕೆ ಕಣ್ಣೂ ಬೆರಳೂ ಹೊತ್ತೂ ತೆರಬೇಕಾಗುವುದು.

ಈ ಅನ್ಯಾಯವು ಹೊಸದಲ್ಲ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರವಾದ ಕ್ಷಾಮ ಬಂದಾಗ ಅನೇಕ ಮನೆಗಳಿಗೆ ಅನ್ನ ಕೊಟ್ಟದ್ದು ಈ ಕೊಕ್ಕೆಕಡ್ಡಿ. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿಯಾದ ಕಸ್ಸಾಂಡ್ರಾ ಹ್ಯಾಂಡ್ ಎಂಬಾಕೆ 1847ರಲ್ಲಿ ಬಡ ಹೆಂಗಸರಿಗೆ ಈ ಕೆಲಸವನ್ನು ಹಿಡಿಸಿದಳು. ಹೂಗಳನ್ನೂ ಎಲೆಗಳನ್ನೂ ಬೇರೆ ಬೇರೆಯಾಗಿ ಹೆಣೆದು, ಅವುಗಳ ನಡುವೆ ಸರಪಳಿಯ ಜಾಲರಿಯನ್ನು ತುಂಬಿ ಒಂದಾಗಿಸುತ್ತಿದ್ದರು. ನಮ್ಮ ನೆರೆಯ ಗೋದಾವರಿ ಸೀಮೆಯ ನರಸಾಪುರಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕವೇ ಲೇಸಿನ ಕೆಲಸ ಬಂದಿತು. ಅಲ್ಲಿಯ ಹೆಂಗಸರನ್ನು ಕುರಿತು ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ದಿನದ ಬಹುಭಾಗವನ್ನು ಹೆಣಿಗೆಯಲ್ಲಿ ಕಳೆಯುವವರನ್ನೂ ಮನೆಯಲ್ಲಿ ಸುಮ್ಮನೆ ಕುಳಿತ ಗೃಹಿಣಿಯರೆಂದೇ ಎಣಿಸಿ, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದು ಕರೆದು, ಅಲ್ಪ ಕೂಲಿ ಕೊಡುತ್ತಿದ್ದರೆಂದೂ, ವ್ಯಾಪಾರದ ಲಾಭವು ಗಂಡಸರ ಪಾಲಾಗುತ್ತಿತ್ತೆಂದೂ ಅದರಲ್ಲಿ ತೋರಿಸಿರುವಳು. 2024ರಲ್ಲಿ ನರಸಾಪುರದ ಕ್ರೋಶೆ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿಗೆ ಹೆಸರು ಬಂದುದು ಸಂತೋಷವೇ. ಬೆರಳಿಗೂ ಅದರ ಫಲ ಸಲ್ಲಬೇಕು.

ಸ್ವೆಟರನ್ನು ಹೆಣೆಯುವ ಯಂತ್ರಗಳು ಕಾರ್ಖಾನೆಗಳಲ್ಲಿ ಬೇಕಾದಷ್ಟುಂಟು; ಕ್ರೋಶೆಯಂತೆ ತೋರುವ ಬಟ್ಟೆಯನ್ನೂ ಯಂತ್ರವು ಮಾಡುವುದು. ನಿಜವಾದ ಕ್ರೋಶೆಯಾದರೋ ಇಂದಿಗೂ ಕೈಯಿಂದಲೇ ಬರತಕ್ಕದ್ದು. ಆದುದರಿಂದ ಪೇಟೆಯಲ್ಲಿ ಇಂಥ ಅಂಗಿಯು ಅತ್ಯಲ್ಪ ಬೆಲೆಗೆ ದೊರೆತರೆ, ಹೆಣೆದವಳ ಕೈಗೆ ಎಷ್ಟು ಬಂದಿರಬಹುದೆಂದು ಕ್ಷಣಮಾತ್ರವಾದರೂ ಯೋಚಿಸಬೇಕು.

ತಾಯಂದಿರೇ, ನಿಮ್ಮ ಮಗಳು ಹರಕು ಜಾಲರಿಯನ್ನು ಬೇಡಿದರೆ ಗದರಿಸಬೇಡಿರಿ; ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಡ್ಡಿಯನ್ನು ಕೊಡಿರಿ. ಹತ್ತು ಸಾಲುಗಳನ್ನು ಹೆಣೆಯುವಷ್ಟರಲ್ಲಿ ಬೆರಳು ನೊಂದು ಅವಳೇ ಕೆಲಸದ ಬೆಲೆಯನ್ನು ತಿಳಿಯುವಳು. ಹಿಂದಿನ ವಿದ್ಯಾರ್ಥಿನಿಯರಾದ ಸೋದರಿಯರೇ, ನೀವು ಹೆಣೆದುದನ್ನು ಮಾರುವಿರಾದರೆ ಗಂಟೆಗಳನ್ನು ಬರೆದಿಟ್ಟುಕೊಳ್ಳಿರಿ. ತಕ್ಕಡಿಯನ್ನು ತೋರಿಸುವವರಿಗೆ ಆ ಬರಹವನ್ನು ತೋರಿಸಿರಿ. ನಮ್ಮ ಗೆಳತಿಯು ಈಗ ಹಾಗೆಯೇ ಮಾಡುತ್ತಿರುವಳು. ಕೊಳ್ಳುವವರು ಕಡಿಮೆಯಾದರು, ಕೂಲಿ ಕೊಡುವವರು ಮಾತ್ರ ಉಳಿದರು.