ಮಾವನವರು ಓದಿದ ಕಂದಾಯದ ಚೀಟಿ

2025ರ ಅಕ್ಟೋಬರ್ ಮಾತು ಇದು. ನಮ್ಮ ಮಾವನವರು ಮೈಸೂರಿನಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ನಮ್ಮೂರು ಲಿನ್‌ವುಡ್‌ಗೆ ಬಂದಿದ್ದರು. ಮೈಸೂರು ಪಾಲಿಕೆಯಲ್ಲಿ ಬಿಲ್ ಕಲೆಕ್ಟರ್ ಆಗಿ ನಿವೃತ್ತರಾದವರು. ಯಾರ ಮನೆಗೆ ಹೋದರೂ ಒಮ್ಮೆ ತಲೆಯೆತ್ತಿ ಮಹಡಿ ನೋಡಿ, ಇದಕ್ಕೆ ಕಂದಾಯ ಎಷ್ಟು ಬೀಳುತ್ತದೆಂದು ಒಳಗೊಳಗೇ ಲೆಕ್ಕ ಹಾಕದಿದ್ದರೆ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ಆ ದಿನಗಳಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಕಂದಾಯದ್ದೇ ಮಾತು. ಹಿಂದಿನ ವರ್ಷದ ಕೊನೆಯಲ್ಲಿ ಲಿನ್‌ವುಡ್ ನಗರಸಭೆ ತನ್ನ ಆಸ್ತಿ ತೆರಿಗೆಯನ್ನು ಶೇ. 24ರಷ್ಟು ಏರಿಸಿತ್ತು. ಮೊದಲು ಮಂಡನೆಯಾಗಿದ್ದ ಪ್ರಸ್ತಾಪ ಅದಕ್ಕೂ ಎಷ್ಟೋ ಹೆಚ್ಚಿನದು. ಈ ಸಲ ನಗರಸಭೆಗೂ ಮೇಯರ್ ಸ್ಥಾನಕ್ಕೂ ಚುನಾವಣೆ ಬಂದಿತ್ತು. ಮತಪತ್ರ ಅಂಚೆಯಲ್ಲಿ ಮನೆಗೇ ಬಂದು ಊಟದ ಮೇಜಿನ ಮೇಲೆ ಕೂತಿತ್ತು. ಗ್ರೀನ್ ಕಾರ್ಡಿಗೆ ಕಾದ ಅಷ್ಟೂ ಕಾಲ ಕಂದಾಯ ಕಟ್ಟಿದವರು ನಾವು, ಮತ ಮಾತ್ರ ಇರಲಿಲ್ಲ. ಪೌರತ್ವ ಬಂದ ಮೇಲೆ ಇದೇ ನನ್ನ ಮೊದಲ ನಗರಸಭೆ ಚುನಾವಣೆ. ಏರಿಸಿದವರನ್ನು ಇಳಿಸಿಬಿಡಬೇಕು ಅಂತ ನಮ್ಮ ಯಜಮಾನರು ಪೆನ್ನು ಹಿಡಿದೇ ಕೂತಿದ್ದರು.

"ತಡಿಯಪ್ಪ," ಅಂದರು ಮಾವ. "ಮೊದಲು ಚೀಟಿ ತೆಗಿ."

ಯಾವ ಚೀಟಿ? ಸಾಲದ ಕಂತಿನ ಜೊತೆಗೇ ಬ್ಯಾಂಕಿನವರು ಕಂದಾಯವನ್ನೂ ಹಿಡಿದು, ಏಪ್ರಿಲ್ 30ಕ್ಕೆ ಒಮ್ಮೆ, ಅಕ್ಟೋಬರ್ 31ಕ್ಕೆ ಒಮ್ಮೆ ಕಟ್ಟಿಬಿಡುತ್ತಾರೆ. ಹಾಗಾಗಿ ಇಲ್ಲಿ ಮನೆ ಇರುವ ಎಷ್ಟೋ ಜನ ಕಂದಾಯದ ವಿವರದ ಮುಖವನ್ನೇ ನೋಡಿರುವುದಿಲ್ಲ. ಸ್ನೋಹೋಮಿಶ್ ಕೌಂಟಿಯ ಜಾಲತಾಣದಿಂದ ಇಳಿಸಿ ಮುದ್ರಿಸಿ ಕೊಟ್ಟೆ. ಕನ್ನಡಕ ಏರಿಸಿ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು: ರಾಜ್ಯದ ಶಾಲಾ ತೆರಿಗೆ, ಎಡ್ಮಂಡ್ಸ್ ಶಾಲಾ ಜಿಲ್ಲೆ, ಕೌಂಟಿ, ಅಗ್ನಿಶಾಮಕ, ಗ್ರಂಥಾಲಯ, ಆಸ್ಪತ್ರೆ ಜಿಲ್ಲೆ, ರೈಲಿನ ಸೌಂಡ್ ಟ್ರಾನ್ಸಿಟ್.

"ಇಷ್ಟು ಜನ ಪಾಲುದಾರರಾ! ನಗರಸಭೆದು ಎಲ್ಲಮ್ಮ?"

ತೋರಿಸಿದೆ. ಒಟ್ಟು ಮೊತ್ತದ ಹತ್ತರಲ್ಲೊಂದು ಭಾಗವೂ ಇರಲಿಲ್ಲ. ಶೇ. 24 ಏರಿದ್ದು ಆ ಒಂದು ಸಾಲು ಮಾತ್ರ. ದೊಡ್ಡ ಪಾಲೆಲ್ಲ ಶಾಲೆಗಳದು, ಅದರಲ್ಲೂ ಒಂದಷ್ಟು ಮತದಾರರೇ ಬೇರೆ ಚುನಾವಣೆಗಳಲ್ಲಿ ಒಪ್ಪಿಕೊಂಡದ್ದು. ನಮ್ಮವರು ಪೆನ್ನು ಕೆಳಗಿಟ್ಟರು.

ಹಾಗಂತ ಮಾವ ನಗರಸಭೆಯ ಪರ ವಹಿಸಿದರು ಅನ್ನಬೇಡಿ. ಅಷ್ಟೊಂದು ಒಮ್ಮೆಲೇ ಏಕೆ ಏರಿತು ಎಂಬುದಕ್ಕೆ ಅವರಿಗೆ ಉತ್ತರ ಬೇಕಿತ್ತು. ವಾಷಿಂಗ್ಟನ್ ರಾಜ್ಯದಲ್ಲಿ ಮತದಾರರ ಒಪ್ಪಿಗೆಯಿಲ್ಲದೆ ನಗರಸಭೆ ತನ್ನ ಒಟ್ಟು ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೊಸ ಕಟ್ಟಡಗಳ ತೆರಿಗೆ ಬೇರೆ ಲೆಕ್ಕ. ಆದರೆ ಹಿಂದೆ ಏರಿಸದೆ ಬಿಟ್ಟದ್ದನ್ನು ಜಮೆಯಾಗಿಟ್ಟುಕೊಂಡು ಮುಂದೆ ಒಟ್ಟಿಗೆ ಎತ್ತಬಹುದು. "ವರ್ಷ ವರ್ಷ ಕೇಳಿದ್ರೆ ಬೈಗುಳ ಅಂತ ಸುಮ್ನಿದ್ದು, ಕೊನೆಗೆ ಒಂದೇ ಸಲ ಬೈಸಿಕೊಳ್ಳೋದು. ನಮ್ಮ ಪಾಲಿಕೆಯೋರೂ ಹಿಂಗೇ," ಅಂದರು. ಆಗ ಇಲ್ಲಿ ರಾಜ್ಯ ಆದಾಯ ತೆರಿಗೆ ಇರಲಿಲ್ಲ. ನಗರಸಭೆಗೆ ಎಲ್ಲಕ್ಕಿಂತ ಹೆಚ್ಚು ಹಣ ಬರುವುದು ಆಲ್ಡರ್‌ವುಡ್ ಮಾಲ್‌ನಂಥ ಕಡೆ ನಡೆಯುವ ವ್ಯಾಪಾರದ ಮಾರಾಟ ತೆರಿಗೆಯಿಂದ ಅಂದಾಗ ಅವರಿಗೆ ಎಲ್ಲಿಲ್ಲದ ಖುಷಿ. "ಅಂದ್ರೆ ಊರಿಗೆ ಬರೋ ಸರಕಿಗೆ ಸುಂಕ ಹಾಕ್ತಿದ್ದ ಆಕ್ಟ್ರಾಯ್ ಕಾಲ! ಜನ ಅಂಗಡಿಗೆ ಬರದಿದ್ರೆ ಖಜಾನೆ ಖಾಲಿ."

ಆಮೇಲೆ ಮತಪತ್ರ. ನಮ್ಮ ವಾರ್ಡು ಯಾವುದು ಅಂತ ಕೇಳಿದರು. ಲಿನ್‌ವುಡ್‌ನಲ್ಲಿ ವಾರ್ಡುಗಳೇ ಇಲ್ಲ. ಏಳು ಸದಸ್ಯರನ್ನೂ ಇಡೀ ಊರು ಆರಿಸುತ್ತದೆ, ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ. 65 ವಾರ್ಡುಗಳ ಮೈಸೂರಿನವರಿಗೆ ಇದು ಹಿಡಿಸಲಿಲ್ಲ. "ಚರಂಡಿ ಕಟ್ಟಿದ್ರೆ ಯಾರ ಮನೆ ಬಾಗಿಲು ತಟ್ತೀರಿ?" ಅವರ ಪ್ರಶ್ನೆ ನ್ಯಾಯವಾದದ್ದೇ. ಮತದಾರರಿಗೆ ಕೊಡುವ ಕೈಪಿಡಿಯಲ್ಲಿ ಅಭ್ಯರ್ಥಿಗಳ ಹೇಳಿಕೆ ಓದಿಸಿ ಕೇಳಿಸಿಕೊಂಡರು. ತೆರಿಗೆ ಇಳಿಸುತ್ತೇನೆ ಅಂದವರು ಯಾವ ಖರ್ಚು ಕಡಿಮೆ ಮಾಡುತ್ತಾರೆಂದು ಹೇಳಿದ್ದಾರೋ ಇಲ್ಲವೋ, ಅದೊಂದನ್ನೇ ಅವರು ಹುಡುಕಿದ್ದು. ಆ ರಾತ್ರಿ ಮೇಜು ಬಿಟ್ಟು ಏಳುವಾಗ ಅನ್ನ ತಣ್ಣಗಾಗಿತ್ತು.

ನವೆಂಬರ್ 4ರ ಸಂಜೆ, ಮಳೆಯಲ್ಲಿ, ನಗರಸಭೆ ಕಟ್ಟಡದ ಮುಂದಿನ ಮತಪೆಟ್ಟಿಗೆಗೆ ಹೋದೆವು. ರಾತ್ರಿ ಎಂಟಕ್ಕೆ ಅದು ಮುಚ್ಚುತ್ತದೆ. ಲಕೋಟೆಯ ಮೇಲಿನ ಸಹಿಯೇ ಗುರುತು, ಬೆರಳಿಗೆ ಮಸಿಯಿಲ್ಲ. ಆ ಮಸಿ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ ತಯಾರಾಗುವುದರಿಂದ ಮಾವನಿಗೆ ಸ್ವಲ್ಪ ಬೇಸರವೇ ಆಯಿತು. ನಾನು ಲಕೋಟೆ ಹಾಕಿದೆ. ಅವರು ಸುಮ್ಮನೆ ನಿಂತಿದ್ದು ಹೇಳಿದರು: "ನಮ್ಮ ಪಾಲಿಕೆ ಅವಧಿ 2023ರ ನವೆಂಬರಿಗೇ ಮುಗೀತಮ್ಮ. ಬೆಂಗಳೂರಿಂದು 2020ರಲ್ಲೇ. ಕಂದಾಯ ಮಾತ್ರ ಏಪ್ರಿಲ್‌ನಲ್ಲಿ ಕಟ್ಟಿ, ಶೇ. 5 ರಿಯಾಯಿತಿ ಅಂತಾರೆ. ಕೇಳೋಕೆ ಒಬ್ಬ ಕಾರ್ಪೊರೇಟರ್ ಇಲ್ಲ."

ಇಲ್ಲಿ ಎಣಿಕೆ ದಿನಗಟ್ಟಲೆ ನಡೆಯುತ್ತದೆ. ಅದು ಮುಗಿಯುವ ಮೊದಲೇ ಅವರ ವಿಮಾನ ಹೊರಟಿತು. ಮೈಸೂರು ತಲುಪಿದವರೇ ಫೋನ್ ಮಾಡಿದರು. ಗೆದ್ದವರು ಯಾರು ಅಂತ ಕೇಳಲಿಲ್ಲ.

"ಬಜೆಟ್ ಸಭೆ ಯಾವತ್ತು? ಮೂರು ನಿಮಿಷ ಮಾತಾಡೋಕೆ ಬಿಡ್ತಾರೆ ಅಂದಿದ್ಯಲ್ಲ. ಹೋಗು. ಆ ಚೀಟಿ ಮರೀಬೇಡ."